ಮಗುವಿನ ರಕ್ತಕ್ಕೆ ನಂಜು ಏರಿದೆ, ಇಂಜೆಕ್ಷನ್ ಬದಲಿಸುತ್ತಿದ್ದಾರೆ: ಅನುಭವ ಇದ್ದವರು ಹೇಳಿ

ಕೇಳುತ್ತಿರುವವರು: ಎಂಟು ದಿನದ ಮಗುವಿನ ಅಪ್ಪ

ನಮಸ್ಕಾರ. ನನ್ನ ಹೆಂಡತಿಗೆ 34 ವಾರಕ್ಕೇ ನೀರು ಒಡೆದು ಹೆರಿಗೆ ಆಯಿತು. ಗಂಡು ಮಗು, 1.9 ಕಿಲೋ. ಉಸಿರಾಟ ಜೋರಾಗಿದೆ ಅಂತ ಹುಟ್ಟಿದ ದಿನವೇ ಎನ್‌ಐಸಿಯುಗೆ (ಹಸುಗೂಸುಗಳ ತೀವ್ರ ನಿಗಾ ಘಟಕ) ಹಾಕಿಕೊಂಡು ಆಂಪಿಸಿಲಿನ್, ಜೆಂಟಾಮೈಸಿನ್ ಅಂತ ಎರಡು ಆಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿದರು. ಮೂರನೇ ದಿನ ಕಲ್ಚರ್‌ನಲ್ಲಿ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಅಂತ ನೋಡುವ ಪರೀಕ್ಷೆ) ಏನೂ ಇಲ್ಲ ಅಂತ ಎರಡನ್ನೂ ನಿಲ್ಲಿಸಿದರು. ನಮಗೆ ಜೀವ ಬಂತು. ಆರನೇ ದಿನ ನೋಡಿದರೆ ಕೊಟ್ಟ ಹಾಲು ಹೊಟ್ಟೆಯಲ್ಲೇ ನಿಲ್ಲುತ್ತಿದೆ, ಮಗು ನಡುನಡುವೆ ಉಸಿರು ಮರೆಯುತ್ತಿದೆ ಅಂದರು. ಮತ್ತೆ ರಕ್ತ ತೆಗೆದು ಪಿಪ್‌ಟಾಜ್ ಮತ್ತು ಅಮಿಕಾಸಿನ್ ಅನ್ನೋ ಬೇರೆ ಎರಡು ಆಂಟಿಬಯೋಟಿಕ್ ಹಾಕಿದರು. ಇವತ್ತು ಸಂಜೆ ಕರೆದು, ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆದಿದೆ, ಮೆರೊಪೆನೆಮ್‌ಗೆ ಬದಲಿಸುತ್ತೇವೆ, ಬೆನ್ನಿನ ನೀರು ತೆಗೆಯಬೇಕು, ಸಹಿ ಹಾಕಿ ಅಂದರು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮ ಮಾವ, 'ಮೊದಲ ದಿನವೇ ಹೈ ಪವರ್ ಹಾಕಬೇಕಿತ್ತು, ಇವರು ಮಗುವಿನ ಮೇಲೆ ಪ್ರಯೋಗ ಮಾಡುತ್ತಿದ್ದಾರೆ' ಅಂತ ಬೇರೆ ಆಸ್ಪತ್ರೆಗೆ ಸಾಗಿಸಲು ಹೇಳುತ್ತಿದ್ದಾರೆ. ಅಮ್ಮ ದೃಷ್ಟಿ ತೆಗೆಸುವುದಕ್ಕೆ ಹೋಗಿದ್ದಾರೆ. ಬೆನ್ನಿಗೆ ಸೂಜಿ ಚುಚ್ಚಿದರೆ ಕಾಲು ಸ್ವಾಧೀನ ತಪ್ಪುತ್ತದೆ ಅಂತ ಒಬ್ಬರು ಹೆದರಿಸಿದ್ದಾರೆ. ಸಹಿ ಇನ್ನೂ ಹಾಕಿಲ್ಲ. ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ.

ಧಾರವಾಡ ಕಡೆಯ ಒಬ್ಬ ತಾಯಿ

ಅಣ್ಣಾರ, ಮೊದಲ ಹೋಗಿ ಸಹಿ ಹಾಕಿ ಬರ್ರಿ, ಆಮ್ಯಾಲೆ ಇದನ್ನ ಓದ್ರಿ.

ನಮ್ಮ ಕೂಸು ದಿನ ತುಂಬಿ ಹುಟ್ಟಿತ್ತು, ಎರಡೂ ಮುಕ್ಕಾಲು ಕಿಲೋ. ಮೂರನೇ ದಿನಕ್ಕ ಮನಿಗೆ ಕರಕೊಂಡು ಬಂದ್ವಿ. ಐದನೇ ದಿನ ರಾತ್ರಿ ಹಾಲು ಬಿಟ್ಟಬಿಡ್ತು. ಎದಿಗೆ ಹಚ್ಚಿದ್ರ ಎರಡು ಸಲ ಚೀಪೂದು, ನಿದ್ದಿ ಹೋಗೂದು. ಅಳೂದೂ ಇಲ್ಲ. ನಮ್ಮ ಅತ್ತಿ 'ಎಷ್ಟು ಶಾಣ್ಯಾ ಕೂಸು, ಒಂಚೂರೂ ಗದ್ದಲಿಲ್ಲ' ಅಂದ್ರು. ಮೈ ಬಿಸಿ ಇರಲಿಲ್ಲ. ಜ್ವರ ಇಲ್ಲಲ್ಲಾ ಅಂತ ನಾನೂ ಸುಮ್ನಾದೆ. ಮುಂಜಾನೆ ಮುಟ್ಟಿ ನೋಡಿದ್ರ ಅಂಗಾಲು ತಣ್ಣಗ, ಹೊಟ್ಟಿನೂ ತಣ್ಣಗ. ಓಣಿಯ ಒಬ್ಬ ಅಜ್ಜಿ ಬಂದು ಬಾಲಗ್ರಹ ಅಂದ್ಲು, ಸೂಜಿ ಕಾಸಿ ಹೊಟ್ಟಿಗೆ ಚುಟಿಗಿ ಹಾಕಿಸ್ರಿ ಅಂದ್ಲು. ನನ್ನ ಗಂಡ ಅಕಿ ಮಾತು ಮುಗಿಯೂದರಾಗ ಗಾಡಿ ತಂದು ನಿಲ್ಲಿಸಿದ್ದ. ಆ ಒಂದು ವಿಷಯಕ್ಕ ಅವನ ಎಲ್ಲಾ ತಪ್ಪು ಮಾಫಿ ಮಾಡೇನಿ.

ಹಸುಗೂಸಿಗೆ ನಂಜು ಆದ್ರ ಜ್ವರನ ಬರಬೇಕಂತ ಇಲ್ಲಂತ. ಮೈ ತಣ್ಣಗಾಗೂದು ಅದಕ್ಕಿಂತ ಕೆಟ್ಟ ಗುರುತು ಇರಬಹುದು ಅಂತ ಡಾಕ್ಟರ್ ಹೇಳಿದಾಗ ಆ ರಾತ್ರಿ ನೆನಸಿ ಕೈಕಾಲು ನಡುಗಿದ್ವು.

ಬೆನ್ನಿನ ನೀರಿಗೆ ನಾನೂ ಒಂದು ದಿನ ಒಲ್ಲೆ ಅಂದಿದ್ದೆ, ನಿಮಗ ಹೇಳಿದಂಗ ನನಗೂ ಹೇಳಿದ್ರು. ಆಮ್ಯಾಲೆ ಒಬ್ಬ ಡಾಕ್ಟರಮ್ಮ ಕುಂದರಿಸಿ ತಿಳಿಸಿ ಹೇಳಿದ್ಲು: ಸೂಜಿ ಹೋಗೂದು ಮಿದುಳಬಳ್ಳಿ ಮುಗಿದ ಕೆಳಗಿನ ಜಾಗಕ್ಕ, ತೆಗಿಯೂದು ಒಂದಿಷ್ಟು ಹನಿ. ನಂಜು ಮಿದುಳಿನ ಪೊರಿಗೆ ಹೋಗೇತೋ ಇಲ್ಲೋ ಅನ್ನೂದು ರಕ್ತ ನೋಡಿದ್ರ ಗೊತ್ತಾಗೂದಿಲ್ಲ. ಹೋಗಿದ್ರ ಔಷಧಿನ ಬ್ಯಾರೆ, ಅಳತಿನ ಬ್ಯಾರೆ, ದಿನಾನೂ ಬ್ಯಾರೆ. ನಮ್ಮದು ರಕ್ತದಾಗ ಅಷ್ಟ ಇತ್ತು, 14 ದಿನಕ್ಕ ಮುಗೀತು. ಬಾಜೂ ಕಾಟಿನ ಕೂಸಿಗೆ ಮಿದುಳಿಗೂ ಇತ್ತು, ಅವರಿಗೆ 21 ದಿನ. ನೀರು ತೆಗೀದ ಇದ್ದಿದ್ರ ಆ ಕೂಸಿಗೂ 14 ದಿನಕ್ಕ ನಿಲ್ಲಿಸಿ ಮನಿಗೆ ಕಳಸ್ತಿದ್ರು. ಕಾಲು ಎರಡೂ ಛಲೋ ಅದಾವ. ಈಗ ನಾಲ್ಕು ವರ್ಷ, ಮನ್ಯಾಗ ಒಂದು ಗ್ಲಾಸ್ ಉಳಿಸಿಲ್ಲ.

ಎನ್‌ಐಸಿಯು ನರ್ಸ್, ಹನ್ನೊಂದು ವರ್ಷದಿಂದ ಇದೇ ಕೆಲಸ

ಮೇಲಿನ ಅಕ್ಕ ಬೆನ್ನಿನ ನೀರಿನ ಬಗ್ಗೆ ಸರಿಯಾಗಿ ಹೇಳಿದ್ದಾರೆ. ನಾನು ಇಂಜೆಕ್ಷನ್ ಬದಲಾವಣೆ ಬಗ್ಗೆ ಮಾತ್ರ ಹೇಳುತ್ತೇನೆ. ಪ್ರತಿ ವಾರ ಯಾರಾದರೊಬ್ಬ ಅಪ್ಪ ನಮ್ಮ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಇದು.

ನಿಮ್ಮ ಮಗುವಿಗೆ ಒಂದೇ ಸೋಂಕಿಗೆ ಮೂರು ಸಲ ಔಷಧಿ ಬದಲಿಸಿದ್ದಲ್ಲ. ಎರಡು ಬೇರೆ ಬೇರೆ ಘಟನೆಗಳವು. ಮೊದಲನೆಯದು ಹುಟ್ಟಿದ ದಿನದ ಅನುಮಾನ. ದಿನ ತುಂಬುವ ಮೊದಲೇ ನೀರು ಒಡೆದಿದೆ, ಉಸಿರು ಜೋರಿದೆ ಅಂದರೆ ತಾಯಿಯ ಕಡೆಯಿಂದ ಸೋಂಕು ಬಂದಿರಬಹುದು ಅಂತ ಆಂಪಿಸಿಲಿನ್, ಜೆಂಟಾಮೈಸಿನ್ ಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆ ಅಂತ ಹೇಳುವ ಜೋಡಿ ಅದು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಮಗುವೂ ಚೇತರಿಸಿತು, ನಿಲ್ಲಿಸಿದರು. ಎಷ್ಟೋ ಕಡೆ ನಿಲ್ಲಿಸುವ ಧೈರ್ಯ ಮಾಡುವುದಿಲ್ಲ, 'ಇರಲಿ, ಏಳು ದಿನ ಹೋಗಲಿ' ಅಂತ ಎಳೆಯುತ್ತಾರೆ. ನಿಮ್ಮ ಡಾಕ್ಟರ್ ನಿಲ್ಲಿಸಿದ್ದಾರೆ ಅಂದರೆ ಪ್ರಯೋಗ ಮಾಡುವವರಲ್ಲ ಅಂತ ನನ್ನ ಲೆಕ್ಕ.

ಎರಡನೆಯದು ಆರನೇ ದಿನದ್ದು. ಇದನ್ನು ಬರೆಯಲು ನನಗೇ ಸಂಕಟ, ಆದರೂ ಮುಚ್ಚಿಡುವುದು ಸರಿಯಲ್ಲ. ಹುಟ್ಟಿದಾಗಿನಿಂದ ಒಳಗೇ ಇರುವ ಮಗುವಿಗೆ ಆರನೇ ದಿನ ಕ್ಲೆಬ್ಸಿಯೆಲ್ಲಾ ಬಂದಿದೆ ಅಂದರೆ, ಬಹುತೇಕ ಅದು ವಾರ್ಡಿನಿಂದಲೇ ಬಂದದ್ದು. ನಮ್ಮ ಕೈ, ಸಿಂಕು, ಹೊಕ್ಕುಳಿಗೆ ಹಾಕಿದ ಲೈನು (ಔಷಧಿ ಹೋಗುವ ನಳಿಕೆ), ಹಲವು ಮಕ್ಕಳಿಗೆ ಬಳಸುವ ಒಂದೇ ಬಾಟಲಿ, ಇವುಗಳಲ್ಲಿ ಎಲ್ಲಿಂದ ಬೇಕಾದರೂ. ವಾರ್ಡಿನಲ್ಲಿ ಬದುಕಿ ಪಳಗಿದ ಬ್ಯಾಕ್ಟೀರಿಯಾ ನೂರಾರು ಇಂಜೆಕ್ಷನ್ ನೋಡಿರುತ್ತದೆ, ಅದಕ್ಕೆ ಆಂಪಿಸಿಲಿನ್ ಲೆಕ್ಕವೇ ಇಲ್ಲ. ಕ್ಲೆಬ್ಸಿಯೆಲ್ಲಾಗೆ ಹುಟ್ಟಿನಿಂದಲೇ ಆಂಪಿಸಿಲಿನ್ ನಾಟುವುದಿಲ್ಲ. ಹಾಗಾಗಿ 'ಮೊದಲ ಔಷಧಿ ಸೋತಿತು' ಅಂತ ನಿಮ್ಮ ಮಾವ ತಿಳಿದಿರುವುದು ತಪ್ಪು. ಅದು ಬೇರೆ ಶತ್ರುವಿಗೆ ಕೊಟ್ಟದ್ದು.

ಆರನೇ ದಿನ ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿರಲಿಲ್ಲ. ಕಲ್ಚರ್ ಬಾಟಲಿಯಲ್ಲಿ ಅದು ಬೆಳೆಯಲು ಒಂದೆರಡು ದಿನ ಬೇಕು, ಯಾವ ಔಷಧಿ ನಾಟುತ್ತದೆ ಅಂತ ನೋಡಲು ಇನ್ನೊಂದು ದಿನ. ಅಷ್ಟು ಹೊತ್ತು ಮಗುವನ್ನು ಹಾಗೇ ಬಿಡಲು ಆಗುವುದಿಲ್ಲ. ಹಾಗಾಗಿ ಈ ವಾರ್ಡಿನಲ್ಲಿ ಈಚೆಗೆ ಯಾವುದು ಹೆಚ್ಚು ಬಂದಿದೆ, ಅದಕ್ಕೆ ಯಾವುದು ನಾಟಿದೆ ಅನ್ನುವ ಪಟ್ಟಿ ನೋಡಿ ಊಹೆಯ ಮೇಲೆ ಶುರು ಮಾಡುತ್ತಾರೆ. ಒಂದು ಆಸ್ಪತ್ರೆಯ ಪಟ್ಟಿ ಪಕ್ಕದ ಬೀದಿಯ ಆಸ್ಪತ್ರೆಗೆ ಹೊಂದುವುದಿಲ್ಲ. ರಿಪೋರ್ಟ್ ಬಂದ ಮೇಲೆ ಬದಲಿಸುವುದು ಆ ಊಹೆಯನ್ನು ತಿದ್ದಿಕೊಳ್ಳುವುದು ಅಷ್ಟೇ. ಬದಲಿಸದೇ ಇದ್ದಿದ್ದರೆ ನಾನು ಗಾಬರಿ ಆಗುತ್ತಿದ್ದೆ.

ನೀವು ಕೇಳಬೇಕಾದ್ದು ಇಷ್ಟು. ಆರನೇ ದಿನದ ಕಲ್ಚರ್‌ಗೆ ರಕ್ತವನ್ನು ಹೊಸ ಇಂಜೆಕ್ಷನ್ ಹಾಕುವ ಮುಂಚೆ ತೆಗೆದರೇ, ಸುಮಾರು ಒಂದು ಎಂಎಲ್ ಸಿಕ್ಕಿತೇ? (ಹನಿ ರಕ್ತ ಹಾಕಿ 'ಏನೂ ಬೆಳೆದಿಲ್ಲ' ಅಂದರೆ ಆ ಮಾತಿಗೆ ಬೆಲೆ ಇಲ್ಲ.) ಪೂರ್ತಿ ರಿಪೋರ್ಟ್ ಬಂದಾಗ ಪ್ರತಿ ಔಷಧಿಯ ಮುಂದೆ ಎಸ್, ಐ, ಆರ್ ಅಂತ ಇರುತ್ತದೆ. ಎಸ್ ಅಂದರೆ ನಾಟುತ್ತದೆ, ಆರ್ ಅಂದರೆ ನಾಟುವುದಿಲ್ಲ, ಐ ಅಂದರೆ ಎರಡರ ನಡುವೆ. ಕೆಳಗಿನ ಮೆಟ್ಟಿಲಿನ ಔಷಧಿಗೆ ಎಸ್ ಇದ್ದರೆ ಅದಕ್ಕೆ ಇಳಿಸುತ್ತೀರಾ, ಅಥವಾ ಮೆರೊಪೆನೆಮ್, ಅಮಿಕಾಸಿನ್ ಎರಡರಲ್ಲಿ ಒಂದನ್ನು ನಿಲ್ಲಿಸುತ್ತೀರಾ ಅಂತ ಕೇಳಿ. ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಬೆಳಗಿನ ರೌಂಡ್ಸ್ ಮುಗಿದ ಮೇಲೆ ಇನ್ನೊಮ್ಮೆ ಕೇಳಿ.

ಮತ್ತೆ ಒಳಗೆ ಹೋಗುವಾಗ ಉಂಗುರ, ವಾಚು, ಬಳೆ ತೆಗೆದು ಮೊಣಕೈವರೆಗೆ ಕೈ ತೊಳೆಯಿರಿ. ನಾವು ಯಾರಾದರೂ ತೊಳೆಯದೆ ಮುಟ್ಟಿದರೆ ಮುಖದ ಮೇಲೆ ಹೇಳಿ. ನನಗೆ ಒಬ್ಬ ಬಾಣಂತಿ ಹಾಗೆ ಹೇಳಿದ್ದಳು. ಅವತ್ತು ಕೋಪ ಬಂತು. ಅವಳು ಹೇಳಿದ್ದು ಸರಿ ಇತ್ತು.

ಒಬ್ಬರು

ನಮ್ಮ ಅಕ್ಕನ ಮಗುವಿಗೆ ಮೊದಲ ದಿನವೇ ಮೆರೊಪೆನೆಮ್ ಹಾಕಿದರು, ನಾಲ್ಕೇ ದಿನಕ್ಕೆ ಗುಣ. ಖರ್ಚಾದರೂ ಪರವಾಗಿಲ್ಲ, ಮೊದಲೇ ದೊಡ್ಡದನ್ನು ಹಾಕುವ ಆಸ್ಪತ್ರೆಗೇ ಹೋಗಿ. ಸಣ್ಣದರಿಂದ ಶುರು ಮಾಡಿ ಸಮಯ ಯಾಕೆ ಹಾಳು ಮಾಡಬೇಕು?

ನಿವೃತ್ತ ಮಕ್ಕಳ ತಜ್ಞ, ಮೈಸೂರು

ಮೇಲಿನವರಿಗೆ: ನಾಲ್ಕೇ ದಿನಕ್ಕೆ ಗುಣವಾಗಿ ಔಷಧಿ ನಿಂತಿತು ಅಂದರೆ, ಆ ಮಗುವಿಗೆ ಸೋಂಕೇ ಇರಲಿಲ್ಲವೇನೋ ಎಂಬ ಅನುಮಾನ ನನಗೆ. ನಿಜವಾಗಿ ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ನಾಲ್ಕು ದಿನಕ್ಕೆ ಯಾರೂ ನಿಲ್ಲಿಸುವುದಿಲ್ಲ. ಹುಟ್ಟಿದ ಮಗು ಹಾಲು ಬಿಡುವುದಕ್ಕೆ, ಉಸಿರು ಜೋರಾಗುವುದಕ್ಕೆ ಹತ್ತು ಕಾರಣ. ಸಿಆರ್‌ಪಿ (ಸೋಂಕಿದ್ದಾಗ ರಕ್ತದಲ್ಲಿ ಏರುವ ಒಂದು ಅಂಶ) ಕೂಡ ಕಷ್ಟದ ಹೆರಿಗೆಯಿಂದಲೇ ಏರಬಹುದು. ಅದು ಏರಿದ್ದಕ್ಕಿಂತ, ಎರಡು ಸಲ ನೋಡಿದರೂ ಏರದೇ ಇದ್ದದ್ದು ನಮಗೆ ಹೆಚ್ಚು ಉಪಯೋಗ: ಸೋಂಕಿಲ್ಲ ಅಂತ ಔಷಧಿ ನಿಲ್ಲಿಸುವುದಕ್ಕೆ.

'ಹೈ ಪವರ್' ಅನ್ನುವ ಮಾತು ನನಗೆ ಆಗಿಬರುವುದಿಲ್ಲ. ಆಂಟಿಬಯೋಟಿಕ್‌ಗೆ ಹಾರ್ಸ್‌ಪವರ್ ಇರುವುದಿಲ್ಲ. ನಾಟುತ್ತದೆಯೋ ಇಲ್ಲವೋ, ಸೋಂಕಿರುವ ಜಾಗಕ್ಕೆ ತಲುಪುತ್ತದೆಯೋ ಇಲ್ಲವೋ, ಮಗು ತಡೆಯುತ್ತದೆಯೋ ಇಲ್ಲವೋ, ಇಷ್ಟೇ ಪ್ರಶ್ನೆ. ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದ್ದ ಮಗುವಿಗೆ ಹಳೇ ಪೆನಿಸಿಲಿನ್‌ಗಿಂತ ಒಳ್ಳೆಯದು ಇವತ್ತಿಗೂ ಇಲ್ಲ.

ಕರ್ಣನ ಹತ್ತಿರ ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದೇ ಇತ್ತು. ಘಟೋತ್ಕಚನ ಮೇಲೆ ಬಿಟ್ಟ, ಅರ್ಜುನ ಎದುರಿಗೆ ಬಂದಾಗ ಕೈ ಖಾಲಿ. ಮೆರೊಪೆನೆಮ್ ಎಲ್ಲರಿಗೂ ಮೊದಲ ದಿನವೇ ಹಾಕಿದ ವಾರ್ಡಿನಲ್ಲಿ ಉಳಿಯುವುದು ಮೆರೊಪೆನೆಮ್‌ಗೂ ಬಗ್ಗದ ಬ್ಯಾಕ್ಟೀರಿಯಾ ಮಾತ್ರ. ಆಮೇಲೆ ಕೊಲಿಸ್ಟಿನ್. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಹಳೆಯ ಔಷಧಿ, ಬೇರೆ ಗತಿಯಿಲ್ಲದೆ ಮತ್ತೆ ಕಪಾಟಿನಿಂದ ಇಳಿಸಿದ್ದು.

ಹೆದರಿಸಲು ಹೇಳುತ್ತಿಲ್ಲ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ಒಂದು ಅಧ್ಯಯನ ನಡೆಯಿತು, 2016ರಲ್ಲಿ ಪ್ರಕಟವಾಯಿತು. ಎನ್‌ಐಸಿಯು ಸೇರಿದ 13,530 ಮಕ್ಕಳನ್ನು ಹಿಂಬಾಲಿಸಿದ್ದರು. ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಅಸಿನೆಟೊಬ್ಯಾಕ್ಟರ್ ನೂರಕ್ಕೆ 22, ಕ್ಲೆಬ್ಸಿಯೆಲ್ಲಾ 17, ಇ-ಕೊಲೈ 14. ಹಲವು ಔಷಧಿಗಳಿಗೆ ಬಗ್ಗದವು ಅಸಿನೆಟೊಬ್ಯಾಕ್ಟರ್‌ನಲ್ಲಿ ನೂರಕ್ಕೆ 82, ಕ್ಲೆಬ್ಸಿಯೆಲ್ಲಾದಲ್ಲಿ 54. ಇನ್ನೂ ಕಸಿವಿಸಿಯ ವಿಷಯ, ಸೋಂಕುಗಳಲ್ಲಿ ಮೂರನೇ ಎರಡು ಭಾಗ ಹುಟ್ಟಿದ ಮೂರು ದಿನದೊಳಗೇ ಬಂದಿದ್ದವು. ಮೂರು ದಿನದೊಳಗಿನದು ತಾಯಿಯಿಂದ, ಆಮೇಲಿನದು ಆಸ್ಪತ್ರೆಯಿಂದ ಎಂದು ನಾವು ಪಾಠದಲ್ಲಿ ಓದಿದ ಗೆರೆ ನಮ್ಮ ಹೆರಿಗೆ ಕೋಣೆಗಳಲ್ಲಿ ಅಷ್ಟು ಸ್ಪಷ್ಟವಾಗಿಲ್ಲ.

ಹಾಗಂತ ದೊಡ್ಡದರಿಂದಲೇ ಶುರು ಮಾಡುವ ಸಂದರ್ಭವೇ ಇಲ್ಲ ಅನ್ನಲಾರೆ. ರಕ್ತದೊತ್ತಡ ಕುಸಿದು ಮಗು ಬೂದಿ ಬಣ್ಣಕ್ಕೆ ತಿರುಗಿದ್ದರೆ, ವಾರ್ಡಿನಲ್ಲಿ ಆ ವಾರ ಬಗ್ಗದ ಸೋಂಕು ಹಬ್ಬಿದ್ದರೆ, ನಾನೂ ಹಾಕಿದ್ದೇನೆ. ಕಲ್ಚರ್ ತೆಗೆದು ಹಾಕಿದ್ದೇನೆ, ರಿಪೋರ್ಟ್ ಬಂದ ದಿನ ಇಳಿಸಿದ್ದೇನೆ.

ದೊಡ್ಡವರಿಗೆ ಒಗ್ಗುವುದು ಹಸುಗೂಸಿಗೆ ಒಗ್ಗಬೇಕೆಂದಿಲ್ಲ ಎನ್ನುವುದನ್ನು ವೈದ್ಯರು ಪೆಟ್ಟು ತಿಂದೇ ಕಲಿತದ್ದು. 1950ರ ದಶಕದಲ್ಲಿ ಕ್ಲೋರಾಂಫೆನಿಕಾಲ್ ಕೊಟ್ಟ ಮಕ್ಕಳು ಬೂದು ಬಣ್ಣಕ್ಕೆ ತಿರುಗಿ ಸತ್ತರು. ಎಳೆಯ ಯಕೃತ್ತಿಗೆ ಅದನ್ನು ಅರಗಿಸುವ ಶಕ್ತಿ ಬಂದಿರಲಿಲ್ಲ. ಸಲ್ಫಾ ಕೊಟ್ಟ ಮಕ್ಕಳಲ್ಲಿ ಕಾಮಾಲೆಯ ಹಳದಿ ಅಂಶ ಮಿದುಳಿಗೆ ಏರಿತು. ಈಗಲೂ ಸೆಫ್ಟ್ರಿಯಾಕ್ಸೋನ್ ವಿಷಯದಲ್ಲಿ ಎಚ್ಚರ ಬೇಕು: ಕಾಮಾಲೆ ಏರಿರುವ ಮಗುವಿಗೆ ಬೇಡ, ರಕ್ತನಾಳಕ್ಕೆ ಕ್ಯಾಲ್ಸಿಯಂ ಹೋಗುತ್ತಿರುವ ಮಗುವಿಗೆ ಬೇಡವೇ ಬೇಡ. ಜ್ವರಕ್ಕೆ ಬಂದ ಎಲ್ಲರಿಗೂ ಅದೇ ಇಂಜೆಕ್ಷನ್ ಚುಚ್ಚುವ ಅಭ್ಯಾಸ ಹಸುಗೂಸಿನ ವಿಷಯದಲ್ಲಿ ಅಪಾಯ. ಈ ಕಾರಣಕ್ಕೇ ಇಲ್ಲಿ ಯಾರೂ ಡೋಸ್ ಲೆಕ್ಕ ಬರೆಯಬೇಡಿ. ಹಸುಗೂಸಿನ ಡೋಸು ತೂಕದ ಮೇಲಷ್ಟೇ ಅಲ್ಲ, ಎಷ್ಟು ವಾರಕ್ಕೆ ಹುಟ್ಟಿತು, ಹುಟ್ಟಿ ಎಷ್ಟು ದಿನ ಆಯಿತು ಎನ್ನುವುದರ ಮೇಲೂ ನಿಂತಿದೆ.

ಕೇಳಿದ ಅಪ್ಪನಿಗೆ: ಇವತ್ತಿನ ಸ್ಥಿತಿಯಲ್ಲಿ ಮಗುವನ್ನು ಆಂಬುಲೆನ್ಸಿನಲ್ಲಿ ಇನ್ನೊಂದು ಊರಿಗೆ ಸಾಗಿಸುವುದೇ ಒಂದು ಅಪಾಯ. ಇಲ್ಲಿ ಕಲ್ಚರ್ ಇದೆ, ಔಷಧಿ ಇದೆ, ತಜ್ಞರಿದ್ದಾರೆ. ವೆಂಟಿಲೇಟರ್ ಬೇಕಾಗಿ ಅದು ಇಲ್ಲಿ ಇಲ್ಲ ಎಂದರೆ ಬೇರೆ ಮಾತು. ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ, ಸ್ವಲ್ಪ ತಡೆಯಲು ಹೇಳಿ.

ಕಲ್ಯಾಣ ಕರ್ನಾಟಕದ ಒಬ್ಬ ಆಶಾ ಕಾರ್ಯಕರ್ತೆ

ಡಾಕ್ಟರ್ ಸಾಹೇಬರು ದೊಡ್ಡ ಆಸ್ಪತ್ರೆ ಮಾತು ಹೇಳಿದರು. ನಾನು ಮನೆಯ ಮಾತು ಹೇಳುತ್ತೇನೆ, ಮುಂದೆ ಓದುವವರಿಗೆ ಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿ ಮನೆಗೆ ನಾವು 3, 7, 14, 21, 28 ಮತ್ತು 42ನೇ ದಿನ ಹೋಗುತ್ತೇವೆ. ಮಗು ಹಾಲು ಬಿಟ್ಟಿದೆಯಾ, ಎಬ್ಬಿಸಿದರೂ ಏಳುತ್ತಿಲ್ಲವಾ, ಒಂದು ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾ, ಎದೆ ಗುಂಡಿ ಬೀಳುತ್ತಿದೆಯಾ, ಹೊಕ್ಕುಳ ಸುತ್ತ ಕೆಂಪಾ, ಮೈ ಬಿಸಿಯಾ ತಣ್ಣಗಾ ನೋಡುತ್ತೇವೆ. ಇದರಲ್ಲಿ ಒಂದಿದ್ದರೂ ಹೊರಡಿ ಅನ್ನುತ್ತೇವೆ. ಹೋದ ವರ್ಷ ಒಂದು ಮನೆಯಲ್ಲಿ ಹೊಕ್ಕುಳಿಗೆ ಬೂದಿ, ಅರಿಶಿನ, ಎಣ್ಣೆ ಕಲಸಿ ಮೆತ್ತಿದ್ದರು, ಕೆಳಗೆ ಕೀವು. ಮಗುವಿನ ಅಪ್ಪ ಮೆಡಿಕಲ್ ಶಾಪಿನಿಂದ ಒಂದು ಆಂಟಿಬಯೋಟಿಕ್ ಸಿರಪ್ ತಂದು ಎರಡು ದಿನ ಕುಡಿಸಿದ್ದ. ಅರ್ಧ ಗುಣ ಕಂಡಂತಾಗಿ ಮೂರನೇ ದಿನ ಮಗು ನೀಲಿ. 108ಕ್ಕೆ ಫೋನ್ ಮಾಡಿ ಕಳಿಸಿದೆವು, ಉಳಿಯಿತು. ಆದರೆ ಆ ಸಿರಪ್‌ನಿಂದಾಗಿ ಕಲ್ಚರ್‌ನಲ್ಲಿ ಏನೂ ಸಿಗಲಿಲ್ಲ, ಕತ್ತಲಲ್ಲಿ ಔಷಧಿ ಕೊಡಬೇಕಾಯಿತು ಅಂತ ಅಲ್ಲಿನ ಡಾಕ್ಟರ್ ಬೈದು ಕಳಿಸಿದ್ದರು. ಬೈದದ್ದು ಅಪ್ಪನಿಗೆ, ಕೇಳಿಸಿಕೊಂಡವಳು ನಾನು.

ಆಸ್ಪತ್ರೆಗೆ ಹೋಗಲು ಸಾಧ್ಯವೇ ಇಲ್ಲದ ಕಡೆ ಎಎನ್‌ಎಂ ಸಿಸ್ಟರ್ (ಹಳ್ಳಿಯ ಉಪಕೇಂದ್ರದ ನರ್ಸ್) ಜೆಂಟಾಮೈಸಿನ್ ಇಂಜೆಕ್ಷನ್, ಅಮಾಕ್ಸಿಸಿಲಿನ್ ಕೊಡಬಹುದು ಅಂತ 2014ರಿಂದ ಸರ್ಕಾರದ ನಿಯಮವೇ ಇದೆ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾಕ್ಟರ್ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿ ಹೆಣ್ಣುಮಕ್ಕಳಿಗೇ ಕಲಿಸಿ ಇಂಜೆಕ್ಷನ್ ಕೊಡಿಸಿ ಮಕ್ಕಳನ್ನು ಉಳಿಸಿದ್ದು ನಮ್ಮ ತರಬೇತಿಯಲ್ಲೂ ಹೇಳುತ್ತಾರೆ. ಆದರೆ ಅದು ಕಲಿತವರು ಅಳತೆ ಮಾಡಿ, ದಿನ ಲೆಕ್ಕ ಹಾಕಿ ಕೊಡುವುದು. ಅಂಗಡಿಯ ಸಿರಪ್ ಅದಲ್ಲ. ಸರ್ಕಾರಿ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ (ಕಾಯಿಲೆಯ ಹಸುಗೂಸುಗಳ ವಿಶೇಷ ಆರೈಕೆ ಘಟಕ) ಮಗುವಿನ ಚಿಕಿತ್ಸೆ, ಔಷಧಿ, ಪರೀಕ್ಷೆ, ಹೋಗಿಬರುವ ಗಾಡಿ ಜನನಿ ಶಿಶು ಸುರಕ್ಷಾ ಎಂಬ ಸರ್ಕಾರಿ ಯೋಜನೆಯಲ್ಲಿ ಉಚಿತ. ದುಡ್ಡಿಲ್ಲ ಅಂತ ಯಾರೂ ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ.

ಇಂಗ್ಲೆಂಡಿನಿಂದ ಒಬ್ಬ ಕನ್ನಡಿಗ

ನಮ್ಮ ಮಗಳು ಇಲ್ಲೇ ಹುಟ್ಟಿದ್ದು. ಅನುಮಾನ ಬಂತು ಅಂತ ಪೆನಿಸಿಲಿನ್, ಜೆಂಟಾಮೈಸಿನ್ ಶುರು ಮಾಡಿದರು. ಇಲ್ಲಿನ ಮಾರ್ಗಸೂಚಿಯ ಪ್ರಕಾರ ನಿರ್ಧಾರ ಮಾಡಿದ ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು, 36 ಗಂಟೆಗೆ ಕಲ್ಚರ್ ಖಾಲಿ ಇದ್ದು ಮಗು ಚೆನ್ನಾಗಿದ್ದರೆ ನಿಲ್ಲಿಸುವ ಬಗ್ಗೆ ಯೋಚಿಸಬೇಕು. ನಮಗೂ ಎರಡನೇ ದಿನ ನಿಲ್ಲಿಸಿದರು. ಊರಿಗೆ ಫೋನ್ ಮಾಡಿದಾಗ ಅಪ್ಪ, 'ಕೋರ್ಸ್ ಪೂರ್ತಿ ಮಾಡಿಸು, ಅರ್ಧಕ್ಕೆ ಬಿಡಬೇಡ' ಅಂತ ರೇಗಿದ್ದರು. ಸೋಂಕೇ ಇಲ್ಲದಾಗ ಯಾವ ಕೋರ್ಸು ಪೂರ್ತಿ ಮಾಡುವುದು?

ನಾನು ಬರೆದದ್ದು ಮುಖ್ಯವಾಗಿ ಇದಕ್ಕೆ: ರಾತ್ರಿ ಇಂಟರ್ನೆಟ್‌ನಲ್ಲಿ ಇಲ್ಲಿನ, ಅಮೆರಿಕದ ಔಷಧಿ ಪಟ್ಟಿ ಓದಿ ಅಲ್ಲಿನ ಡಾಕ್ಟರ ಜೊತೆ ವಾದಕ್ಕೆ ಇಳಿಯಬೇಡಿ. ಇಲ್ಲಿ ಮೊದಲ ದಿನಗಳ ಸೋಂಕಿನಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ಸಿನದೇ ದೊಡ್ಡ ಪಾಲು, ಪೆನಿಸಿಲಿನ್ ಸಾಕು. ನಿಮ್ಮಲ್ಲಿ ಕ್ಲೆಬ್ಸಿಯೆಲ್ಲಾ. ಆ ಪಟ್ಟಿ ನಿಮ್ಮ ಮಗುವಿಗೆ ಬರೆದದ್ದಲ್ಲ.

ಇನ್ನೊಬ್ಬ ಅಪ್ಪ, ಚಿಕ್ಕದಾಗಿ

ಡಿಸ್ಚಾರ್ಜ್ ಆಗುವಾಗ ಕಿವಿ ಪರೀಕ್ಷೆ ಮರೆಯಬೇಡಿ ಸಾರ್. ಜೆಂಟಾಮೈಸಿನ್, ಅಮಿಕಾಸಿನ್ ಎರಡೂ ಅಪರೂಪಕ್ಕೆ ಕಿವಿಗೆ ತೊಂದರೆ ಕೊಡಬಹುದು, ಎನ್‌ಐಸಿಯುನಲ್ಲಿದ್ದ ಮಕ್ಕಳಿಗೆ ಬೆರಾ ಅಂತ ಪರೀಕ್ಷೆ ಮಾಡಿಸಬೇಕು. ನಮಗೆ ಯಾರೂ ಹೇಳಲಿಲ್ಲ, ಮಗಳು ಒಂದೂವರೆ ವರ್ಷಕ್ಕೂ ಮಾತಾಡದಿದ್ದಾಗ ಗೊತ್ತಾಯಿತು. ಔಷಧಿಯಿಂದಲೋ, ಕಾಮಾಲೆಯಿಂದಲೋ, ಸೋಂಕಿನಿಂದಲೋ ಯಾರಿಗೂ ಹೇಳಲಾಗಲಿಲ್ಲ. ಆ ಔಷಧಿ ಕೊಡದಿದ್ದರೆ ಅವಳು ಇರುತ್ತಿರಲಿಲ್ಲ, ಅದಕ್ಕೆ ದೂರುವುದಿಲ್ಲ. ಆರು ತಿಂಗಳಿಗೇ ಗೊತ್ತಾಗಿದ್ದರೆ ಮಷಿನ್ ಬೇಗ ಹಾಕಿಸಬಹುದಿತ್ತು.

ಕೇಳಿದವರು, ಮೂರು ದಿನದ ಮೇಲೆ

ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸಿ. ಧಾರವಾಡದ ಅಕ್ಕನ ಮಾತು ಓದಿದ ರಾತ್ರಿಯೇ ಹೋಗಿ ಸಹಿ ಹಾಕಿದೆ. ಬೆನ್ನಿನ ನೀರು ಸ್ವಚ್ಛ ಇದೆ. ಪೂರ್ತಿ ರಿಪೋರ್ಟ್ ಬಂತು: ಪಿಪ್‌ಟಾಜ್ ಮುಂದೆ ಆರ್, ಮೆರೊಪೆನೆಮ್ ಮುಂದೆ ಎಸ್, ಅಮಿಕಾಸಿನ್ ಮುಂದೂ ಎಸ್. ಸಿಸ್ಟರ್ ಹೇಳಿಕೊಟ್ಟ ಹಾಗೆ ಕೇಳಿದೆ. ಎರಡೂ ಬೇಡ, ಒಂದೇ ಸಾಕು ಅಂತ ಅಮಿಕಾಸಿನ್ ನಿಲ್ಲಿಸಿದ್ದಾರೆ. ಒಟ್ಟು 14 ದಿನ ಅಂದಿದ್ದಾರೆ, ನಡುವೆ ಇನ್ನೊಂದು ಕಲ್ಚರ್ ಕಳಿಸಿದ್ದಾರೆ. ಹೊಕ್ಕುಳ ಲೈನ್ ತೆಗೆದು ಕೈಗೆ ಹಾಕಿದ್ದಾರೆ. ಉಸಿರು ಮರೆಯುವುದು ನಿನ್ನೆಯಿಂದ ನಿಂತಿದೆ.

ಮಾವ ಆಸ್ಪತ್ರೆಗೆ ಬಂದು ಒಂದು ಗಂಟೆ ಡಾಕ್ಟರ್ ಜೊತೆ ಮಾತಾಡಿ ಹೋದರು. ಏನು ಮಾತಾಡಿದರೋ ನಮಗೆ ಹೇಳಲಿಲ್ಲ, ಈಗ ಬಂದವರಿಗೆಲ್ಲ ವಾಚು ಬಿಚ್ಚಿ ಅನ್ನುತ್ತಾರೆ. ಹೆಂಡತಿ ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕೊಡುತ್ತಿದ್ದಾಳೆ. ಇವತ್ತು ಬೆಳಿಗ್ಗೆ ಟ್ಯೂಬಿನಲ್ಲಿ ಎರಡು ಎಂಎಲ್ ಹಾಕಿದರು, ನಿಂತಿತು. ಮಧ್ಯಾಹ್ನ ನಾಲ್ಕು.